ಮನೆಗೊಂದು ಕೈದೀಪ

ಸಂಜೆಯಾಗುತ್ತಲೇ ದೀಪ ಹಚ್ಚುವುದು ನಮ್ಮ ಮನೆಗಳ ನಿತ್ಯದ ನಡೆ. ಪೂಜೆಯ ಕೋಣೆಯ ದೀಪಕ್ಕೆ ಎಣ್ಣೆ ಸಾಕಷ್ಟಿದೆಯೇ, ಬತ್ತಿ ಸರಿಯಾಗಿದೆಯೇ ಎಂದು ತಾಯಂದಿರು ದಿನವೂ ನೋಡುತ್ತಾರೆ. ಆದರೆ ಅದೇ ಮನೆಯಿಂದ ನಡುರಾತ್ರಿಯಲ್ಲಿ ಹೊಲಕ್ಕೋ ತೋಟಕ್ಕೋ ಹೊರಡುವವನ ಕೈಯಲ್ಲಿರುವ ದೀಪವನ್ನು ನಾವು ಅಷ್ಟೇ ಆಸ್ಥೆಯಿಂದ ನೋಡುತ್ತೇವೆಯೆ? ನಾನಂತೂ ನೋಡಿರಲಿಲ್ಲ. ಶಾಸ್ತ್ರಗ್ರಂಥಗಳ ನಡುವೆ ಆಯುಷ್ಯ ಕಳೆದ ನನ್ನಂಥವನು ಇಂದು ಟಾರ್ಚಿನ ವಿಷಯ ಬರೆಯಲು ಹೊರಟಿರುವುದಕ್ಕೆ ಆ ನನ್ನ ಅಲಕ್ಷ್ಯವೇ ಕಾರಣ.

ನನ್ನ ತಂಗಿಯ ಮಗ ಹೊಳಲ್ಕೆರೆ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಕೊಳವೆಬಾವಿಯ ಮೋಟಾರಿಗೆ ಬೇಕಾದ ತ್ರೀಫೇಸ್ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದರೆ ರೈತನಿಗೆ ನಿದ್ದೆಯೆಂಬುದಿಲ್ಲ. ಎರಡು ವರ್ಷಗಳ ಹಿಂದಿನ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಅವನು ಮೋಟಾರು ಹಾಕಿ, ನೀರು ತಿರುಗಿಸಿ ಮನೆಯ ಕಡೆ ಬರುತ್ತಿದ್ದನು. ಬದುವಿನ ನಡುವೆ ಕೈಯ ಟಾರ್ಚು ಥಟ್ಟನೆ ಆರಿಹೋಯಿತು. ಪರಿಚಿತ ದಾರಿಯಲ್ಲವೇ ಎಂದು ಅಂದಾಜಿನ ಮೇಲೆ ನಾಲ್ಕು ಹೆಜ್ಜೆ ಇಟ್ಟನು. ಐದನೆಯ ಹೆಜ್ಜೆಯಲ್ಲಿ ಕೊಳಕುಮಂಡಲ ಕಚ್ಚಿತು.

ಆಸ್ಪತ್ರೆಗೆ ಬೇಗ ಸೇರಿಸಿದ್ದರಿಂದ, ಪ್ರತಿವಿಷದ ಚಿಕಿತ್ಸೆ ಸಕಾಲದಲ್ಲಿ ದೊರೆತುದರಿಂದ ಜೀವ ಉಳಿಯಿತು. ಪಾದದ ಗಾಯ ಮಾಗಲು ಮಾತ್ರ ಮೂರು ತಿಂಗಳು ಹಿಡಿಯಿತು. ನೋಡಲು ಹೋದಾಗ ಅವನು ಯಾರನ್ನೂ ದೂರಲಿಲ್ಲ. "ಟಾರ್ಚು ಒಂದೇ ಸಲಕ್ಕೆ ಆರಿಹೋಯ್ತು ಮಾವ, ಏನೂ ಕಾಣಲಿಲ್ಲ" ಎಂದಷ್ಟೇ ಹೇಳಿದನು. ಆ ಟಾರ್ಚನ್ನು ಜಾತ್ರೆಯಲ್ಲಿ ಕೊಂಡು ಅವನಿಗೆ ಕೊಟ್ಟವನು ನಾನೇ. ಡಬ್ಬಿಯ ಮೇಲೆ ದೊಡ್ಡ ದೊಡ್ಡ ಅಂಕಿಗಳಿದ್ದವು. ಅಂಗಡಿಯಾತ ಎದುರಿನ ಮರದ ತುದಿಗೆ ಬೆಳಕು ಹಾಯಿಸಿ ತೋರಿಸಿದ್ದನು. ಎಷ್ಟು ದೂರ ಹೋಗುತ್ತದೆಂದು ನೋಡಿದೆನೇ ಹೊರತು ಎಷ್ಟು ಹೊತ್ತು ನಿಲ್ಲುತ್ತದೆಂದು ಕೇಳಲಿಲ್ಲ.

ಬಳಿಕ ಈ ವಿಷಯವನ್ನು ಬಲ್ಲವರಿಂದ ಕೇಳಿ, ಓದಿ ತಿಳಿದುಕೊಂಡೆನು. ಮನೆಗೊಂದು ಟಾರ್ಚು ಕೊಳ್ಳುವ ಬಂಧುಗಳಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ನಿರೂಪಿಸುತ್ತೇನೆ.

ಕಂದೀಲಿನಿಂದ ಎಲ್‌ಇಡಿಯವರೆಗೆ

ನಾವು ಮಠದಲ್ಲಿ ಓದುತ್ತಿದ್ದಾಗ ಬೆಳಗಿನ ಜಾವದ ಪಾಠಕ್ಕೆ ಕಂದೀಲೇ ಗತಿ. ಕಾವಲುಗಾರನ ಬಳಿ ಮಾತ್ರ ಎರಡು ಸೆಲ್ಲಿನ ಹಿತ್ತಾಳೆಯ ಟಾರ್ಚು ಇರುತ್ತಿತ್ತು. ನಮ್ಮ ಸೀಮೆಯಲ್ಲಿ ಟಾರ್ಚಿಗೆ 'ಬ್ಯಾಟರಿ' ಎಂದೇ ಹೆಸರು. ಒಳಗೆ ಹಾಕುವುದು 'ಸೆಲ್ಲು'. ಆ ಬ್ಯಾಟರಿಯ ಬಲ್ಬಿನಲ್ಲಿ ಕೂದಲೆಳೆಯಂಥ ತಂತಿ ಕಾದು ಬೆಳಗುತ್ತಿತ್ತು. ಸೆಲ್ಲಿನ ಶಕ್ತಿಯ ಬಹುಪಾಲು ಬೆಳಕಾಗದೆ ಬಿಸಿಯಾಗಿಯೇ ವ್ಯಯವಾಗುತ್ತಿತ್ತು.

ಎಲ್‌ಇಡಿಯಲ್ಲಿ ಕಾಯುವ ತಂತಿಯಿಲ್ಲ. ಅರೆವಾಹಕವೆಂಬ ವಸ್ತುವಿನ ಸಣ್ಣ ತುಣುಕಿನಲ್ಲಿ ವಿದ್ಯುತ್ತು ಹರಿದಾಗ ನೇರವಾಗಿ ಬೆಳಕು ಹೊಮ್ಮುತ್ತದೆ. ಕೆಂಪು ಎಲ್‌ಇಡಿ ೧೯೬೦ರ ದಶಕದಲ್ಲಿಯೇ ಬಂದಿತ್ತು. ಪ್ರಖರವಾದ ನೀಲಿ ಬೆಳಕು ಸಾಧ್ಯವಾದುದು ೧೯೯೦ರ ದಶಕದ ಆರಂಭದಲ್ಲಿ. ನೀಲಿ ಬೆಳಕಿನ ಮೇಲೆ ಹಳದಿಯ ಲೇಪವೊಂದನ್ನು ಕೊಟ್ಟರೆ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ನೀಲಿ ಎಲ್‌ಇಡಿಗಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೪ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ಇಂದು ಬಡವನ ಕೈಯಲ್ಲಿಯೂ ಇರುವ ಟಾರ್ಚು ಆ ಸಾಧನೆಯ ಫಲ.

ಅಂಕಿಗಳನ್ನು ಅಳೆಯುವ ಬಗೆ

ಬೆಳಕಿನ ಅಳತೆಗೆ 'ಲೂಮೆನ್' ಎಂದು ಹೆಸರು. ಒಂದು ವಾಟ್ ವಿದ್ಯುತ್ತಿಗೆ ಹಳೆಯ ಬಲ್ಬು ಸುಮಾರು ೧೦ ಲೂಮೆನ್ ಬೆಳಕು ಕೊಡುತ್ತಿದ್ದರೆ, ಒಳ್ಳೆಯ ಎಲ್‌ಇಡಿ ೧೦೦ ಲೂಮೆನ್‌ನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕೊಡುತ್ತದೆ. ಈ ಒಂದು ಸಂಗತಿ ನೆನಪಿದ್ದರೆ ಡಬ್ಬಿಯ ಮೇಲಿನ ಸುಳ್ಳನ್ನು ಯಾರಾದರೂ ಹಿಡಿಯಬಹುದು.

ಸೆಲ್ಲಿನ ಮೇಲೆ 'ಎಂಎಎಚ್' ಎಂಬ ಅಂಕಿಯಿರುತ್ತದೆ. ಲಿಥಿಯಂ ಸೆಲ್ಲಾದರೆ ಅದನ್ನು ೩.೭ರಿಂದ ಗುಣಿಸಿ ಸಾವಿರದಿಂದ ಭಾಗಿಸಿರಿ. ಅದರಲ್ಲಿ ಎಷ್ಟು ವಾಟ್-ಗಂಟೆ ಶಕ್ತಿಯಿದೆಯೆಂದು ತಿಳಿಯುತ್ತದೆ. ೨೦೦೦ ಎಂಎಎಚ್ ಸೆಲ್ಲಿನಲ್ಲಿ ೭.೪ ವಾಟ್-ಗಂಟೆ. ೧೦೦ ಲೂಮೆನ್ ಬೆಳಕಿಗೆ ಒಂದು ವಾಟ್ ಹಿಡಿದರೆ ಲೆಕ್ಕಕ್ಕೆ ಏಳು ಗಂಟೆ, ಪೋಲಾಗುವುದನ್ನು ಕಳೆದರೆ ಐದು ಗಂಟೆಯ ಬೆಳಕು. ಅದೇ ಟಾರ್ಚು ೫೦೦೦ ಲೂಮೆನ್ ಕೊಡುವುದೆಂದು ಹೇಳಿದರೆ ಅದಕ್ಕೆ ೫೦ ವಾಟ್ ಬೇಕು. ಸೆಲ್ಲು ಒಂಬತ್ತು ನಿಮಿಷಕ್ಕೆ ಬರಿದಾಗಬೇಕು, ಟಾರ್ಚು ಕೈಯಲ್ಲಿ ಹಿಡಿಯಲಾಗದಷ್ಟು ಕಾಯಬೇಕು. ಮಾತು ನಿಜವಾದರೆ ನಿರುಪಯೋಗಿ, ಸುಳ್ಳಾದರೆ ಮೋಸ.

ಇಂಥ ಟಾರ್ಚುಗಳಲ್ಲಿ ಹೆಚ್ಚಾಗಿ ಬಳಸುವ ಸೆಲ್ಲಿಗೆ '೧೮೬೫೦' ಎಂದು ಹೆಸರು. ೧೮ ಮಿಲಿಮೀಟರ್ ದಪ್ಪ, ೬೫ ಮಿಲಿಮೀಟರ್ ಉದ್ದ. ಈ ಗಾತ್ರದಲ್ಲಿ ಸಾಮಾನ್ಯವಾಗಿ ೨೦೦೦ದಿಂದ ೩೫೦೦ ಎಂಎಎಚ್ ಹಿಡಿಸುತ್ತದೆ. ಅದರ ಮೇಲೆ ೯೯೦೦ ಎಂದು ಮುದ್ರಿಸಿದ್ದರೆ ಆ ಅಂಗಡಿಯಿಂದ ಮುಂದಕ್ಕೆ ನಡೆಯುವುದು ಲೇಸು. ನನ್ನ ಕಾಣಿಕೆಯ ಟಾರ್ಚಿನಲ್ಲಿ ಆ ಅಂಕಿಯೇ ಇತ್ತು.

ಹಾಗಾದರೆ ಎಷ್ಟು ಬೆಳಕು ಬೇಕು? ರಾತ್ರಿ ಎದ್ದು ಬಚ್ಚಲಿಗೆ ಹೋಗಲು ೫ ರಿಂದ ೧೦ ಲೂಮೆನ್ ಸಾಕು. ಊರೊಳಗಿನ ದಾರಿಗೆ ೩೦ ರಿಂದ ೫೦. ಬದು, ತೋಟ, ಕಾಲುವೆಯ ಏರಿಗೆ ೧೦೦ ರಿಂದ ೩೦೦. ಜೋಗಿಮಟ್ಟಿ ಕಾಡಿನ ಅಂಚಿನಲ್ಲಿ ಕರಡಿ, ಚಿರತೆಗಳ ಭಯವಿರುವ ಊರಿನವರು ದೂರ ಹಾಯುವ ಬೆಳಕನ್ನೂ ನೋಡಬೇಕಾಗುತ್ತದೆ. ಉಳಿದವರಿಗೆ ಅದರ ಅಗತ್ಯ ಕಡಿಮೆ.

ಹರವು ಮತ್ತು ಬಣ್ಣ

ಮರದ ತುದಿ ಬೆಳಗುವ ಟಾರ್ಚು ಕಾಲಬುಡವನ್ನು ಕತ್ತಲಲ್ಲಿಡಬಹುದು. ಬೆಳಕನ್ನೆಲ್ಲ ಒಂದು ಕಿರಿದಾದ ಕೋಲಿನಂತೆ ಕೂಡಿಸಿದಾಗ ಅದು ದೂರ ಹೋಗುತ್ತದೆ, ಅಕ್ಕಪಕ್ಕ ಏನೂ ಕಾಣುವುದಿಲ್ಲ. ಹಾವು ಇರುವುದು ಅಕ್ಕಪಕ್ಕದಲ್ಲಿಯೇ. ಅಂಗಡಿಯ ಒಳಗೆ, ಕತ್ತಲಿರುವ ಮೂಲೆಯಲ್ಲಿ ಎರಡು ಮಾರು ದೂರದ ಗೋಡೆಗೆ ಬೆಳಕು ಬಿಡಿಸಿ ನೋಡಿರಿ. ನಡುವೆ ಪ್ರಕಾಶ, ಅದರ ಸುತ್ತ ಅಗಲವಾದ ಮಂದ ಬೆಳಕು ಇರುವುದು ನಡೆಯುವವನಿಗೆ ಯೋಗ್ಯ.

ಬಳಿಕ ನಿಮ್ಮ ಅಂಗೈಯ ಮೇಲೆ ಬೆಳಕು ಹಾಕಿಕೊಳ್ಳಿರಿ. ಕೈ ನೀಲಿಗಟ್ಟಿದಂತೆ ಕಂಡರೆ ಅದು ಬಣ್ಣಗಳನ್ನು ಸರಿಯಾಗಿ ತೋರಿಸದ ಬೆಳಕು. ಒಣಗಿದ ಅಡಿಕೆ ಸೋಗೆ, ಶೇಂಗಾ ಹೊಟ್ಟು, ಮಣ್ಣಿನ ಹೆಂಟೆ, ಇವುಗಳ ನಡುವೆ ಕಂದು ಬಣ್ಣದ ಹಾವನ್ನು ಗುರುತಿಸಬೇಕಾದರೆ ತುಸು ಹಳದಿಯ ಛಾಯೆಯ, ಕೈಯ ಬಣ್ಣವನ್ನು ಸಹಜವಾಗಿ ತೋರುವ ಬೆಳಕೇ ಮೇಲು. ನಡೆಯುವಾಗ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಸಣ್ಣ ವಸ್ತುವಿಗೂ ನೆರಳು ಬಿದ್ದು ಉಬ್ಬುತಗ್ಗು ಸ್ಪಷ್ಟವಾಗುತ್ತದೆ.

ಯಾವ ಸೆಲ್ಲು?

ಒಂದು ಬಗೆ, ಅಂಗಡಿಯಲ್ಲಿ ಕೊಂಡು ಹಾಕುವ ಸಾಮಾನ್ಯ ಸೆಲ್ಲಿನದು. ಸೆಲ್ಲು ಸವೆದಂತೆ ಬೆಳಕು ಮೆಲ್ಲನೆ ಮಂದವಾಗಿ ಮುನ್ಸೂಚನೆ ಕೊಡುತ್ತದೆ. ಅಪರೂಪಕ್ಕೆ ಬಳಸುವ ಹಿರಿಯರಿಗೆ ಇದು ಹಿತ. ಬಹುಕಾಲ ಬಳಸದಿದ್ದರೆ ಸೆಲ್ಲು ಸೋರಿ ಟಾರ್ಚನ್ನೇ ಕೆಡಿಸುತ್ತದೆಯಾದ್ದರಿಂದ ಹೊರತೆಗೆದಿಡಬೇಕು. ಹಳೆಯದನ್ನೂ ಹೊಸದನ್ನೂ ಬೆರೆಸಬಾರದು.

ಎರಡನೆಯದು, ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವ ಅಗ್ಗದ ಟಾರ್ಚು. ಇಂಥ ಅನೇಕವುಗಳಲ್ಲಿ ಸೀಸದ ಬ್ಯಾಟರಿ ಇರುತ್ತದೆ. ಅದನ್ನು ಬರಿದುಮಾಡಿ ಹಾಗೆಯೇ ಇಟ್ಟರೆ ಕೆಲವೇ ತಿಂಗಳಲ್ಲಿ ಸಾಯುತ್ತದೆ. ಪ್ಲಗ್ಗಿನಲ್ಲಿರುವಾಗ ಇಂಥದನ್ನು ಹಚ್ಚುವುದಾಗಲಿ ಮಕ್ಕಳು ಮುಟ್ಟುವುದಾಗಲಿ ಕೂಡದು. ಕಳಪೆ ಮಾಲಿನಲ್ಲಿ ಆಘಾತದ ಭಯವುಂಟು.

ಮೂರನೆಯದು, ಮೊಬೈಲಿನ ಚಾರ್ಜರಿನಿಂದಲೇ ಚಾರ್ಜಾಗುವ ಲಿಥಿಯಂ ಸೆಲ್ಲಿನದು. ದಿನವೂ ರಾತ್ರಿ ಹೊರಡುವವನಿಗೆ ಇದೇ ಉತ್ತಮ. ಆದರೆ ಇದರಲ್ಲಿ ಅನೇಕವು ಕೊನೆಯವರೆಗೂ ಒಂದೇ ಸಮನೆ ಬೆಳಗಿ ಥಟ್ಟನೆ ಆರುತ್ತವೆ. ಆದುದರಿಂದ ಸೆಲ್ಲಿನ ಮಟ್ಟ ತೋರಿಸುವ ಸಣ್ಣ ದೀಪವಿರುವುದನ್ನೇ ಕೊಳ್ಳಬೇಕು. ಸೆಲ್ಲನ್ನು ತೆಗೆದು ಬೇರೆ ಹಾಕುವಂತಿರಬೇಕು. ಲಿಥಿಯಂ ಸೆಲ್ಲಿನ ಸುರಕ್ಷತೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ ೧೬೦೪೬ ಎಂಬ ಮಾನಕವಿದೆ. ಆ ಗುರುತನ್ನು ನೋಡಿರಿ.

ಮಳೆಗಾಲಕ್ಕೆ 'ಐಪಿಎಕ್ಸ್ ೪' ಎಂಬ ಗುರುತಿದ್ದರೆ ನೀರಿನ ಸಿಡಿತ ತಡೆಯುತ್ತದೆ. 'ಐಪಿಎಕ್ಸ್ ೭' ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಕೆಡದೆಂದು ಅರ್ಥ. ವಾಣಿವಿಲಾಸ ಸಾಗರದ ಕಾಲುವೆಯ ನೀರು ಕಟ್ಟುವ ಹಿರಿಯೂರಿನ ರೈತನಿಗೆ ಇದು ಬೇಕಾದೀತು. ಮನೆಯ ಬಳಕೆಗೆ ಮೊದಲನೆಯದೇ ಸಾಕು. ಹತ್ತಾರು ಬಗೆಯಲ್ಲಿ ಮಿಣುಕುವ ಟಾರ್ಚು ವೃದ್ಧರಿಗೆ ಗೊಂದಲ. ಒತ್ತಿದರೆ ಹತ್ತಬೇಕು, ಮತ್ತೊಮ್ಮೆ ಒತ್ತಿದರೆ ಆರಬೇಕು, ಹೆಚ್ಚೆಂದರೆ ಮಂದ ಮತ್ತು ಪ್ರಖರವೆಂಬ ಎರಡು ಹಂತ ಸಾಕು. ಹೊಸದುರ್ಗದ ಕಡೆ ತೆಂಗಿನ ತೋಟಕ್ಕೆ ನೀರು ಬಿಡುವವರು, ರಾತ್ರಿ ಹಸುವಿನ ಹೆರಿಗೆ ನೋಡುವವರು ತಲೆಗೆ ಕಟ್ಟುವ ದೀಪವನ್ನು ಕೊಂಡರೆ ಎರಡು ಕೈಯೂ ಕೆಲಸಕ್ಕೆ ಬಿಡುವಾಗುತ್ತವೆ.

ಇಷ್ಟೂ ಗುಣಗಳಿರುವ ಟಾರ್ಚಿಗೆ ಬಹಳ ಹಣ ಬೇಕಿಲ್ಲ. ಐದುನೂರು ರೂಪಾಯಿಯ ಆಸುಪಾಸಿನಲ್ಲಿ, ಹೆಸರು ಮತ್ತು ವಾರಂಟಿ ಇರುವ ಒಳ್ಳೆಯದೊಂದು ದೊರೆಯುತ್ತದೆ. ಜಾತ್ರೆಯ ಅಗ್ಗದ ಟಾರ್ಚನ್ನು ವರ್ಷಕ್ಕೆರಡು ಸಲ ಕೊಳ್ಳುವುದಕ್ಕಿಂತ ಇದು ಮಿತವ್ಯಯ.

ಮೊಬೈಲಿನಲ್ಲಿಯೇ ಬೆಳಕಿದೆಯಲ್ಲ ಎಂದು ಯುವಕರು ಕೇಳುತ್ತಾರೆ. ಬೆಳಕಿಗಾಗಿ ಮೊಬೈಲಿನ ಶಕ್ತಿ ಖರ್ಚಾದರೆ, ಅಪಾಯ ಬಂದಾಗ ಕರೆ ಮಾಡುವುದು ಯಾವುದರಿಂದ? ನನ್ನ ಅಳಿಯ ಉಳಿದದ್ದು ಅವನ ಜೇಬಿನ ಮೊಬೈಲಿನಲ್ಲಿ ಇನ್ನೂ ಜೀವವಿದ್ದುದರಿಂದ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ ೨೦೨೪ರಲ್ಲಿ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದೇ ಇದು ಎಷ್ಟು ಗಂಭೀರವೆಂಬುದನ್ನು ಹೇಳುತ್ತದೆ. ಕಚ್ಚಿದಾಗ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ೧೦೮ಕ್ಕೆ ಕರೆಮಾಡಿ, ಪ್ರತಿವಿಷವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು. ಟಾರ್ಚಿದ್ದರೂ ಕಾಲಿಗೆ ಗಟ್ಟಿಯಾದ ಬೂಟು, ಕೈಗೊಂದು ಕೋಲು ಇರಲೇಬೇಕು.

ಕೊನೆಯದಾಗಿ ಒಂದು ಮಾತು. ಹೊಸ ಟಾರ್ಚನ್ನು ತಂದ ದಿನವೇ ಪೂರ್ತಿ ಚಾರ್ಜು ಮಾಡಿ, ಹಚ್ಚಿ ಇಡಿರಿ. ಎಷ್ಟು ಗಂಟೆಗೆ ಆರಿತೆಂದು ಗಡಿಯಾರ ನೋಡಿ, ಆ ಅವಧಿಯನ್ನು ಚೀಟಿಯಲ್ಲಿ ಬರೆದು ಟಾರ್ಚಿಗೆ ಅಂಟಿಸಿರಿ. ಡಬ್ಬಿಯ ಅಂಕಿಗಿಂತ ನಿಮ್ಮ ಚೀಟಿಯ ಅಂಕಿಯನ್ನು ನಂಬಿರಿ. ಆರು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಿದರೆ ಸೆಲ್ಲು ಮುಪ್ಪಾಗುತ್ತಿರುವುದು ತಿಳಿಯುತ್ತದೆ. ಕೆಟ್ಟ ಸೆಲ್ಲನ್ನು ಒಲೆಗೆ ಹಾಕಬಾರದು, ಕಸದ ಗುಂಡಿಗೆ ಎಸೆಯಬಾರದು; ಹಳೆಯ ಬ್ಯಾಟರಿ ಪಡೆಯುವವರಿಗೆ ಒಪ್ಪಿಸಬೇಕು.

ಅಳಿಯನಿಗೆ ಈಗ ಬೇರೊಂದು ಟಾರ್ಚು ಕೊಡಿಸಿದ್ದೇನೆ. ನೋಡಲು ಸಣ್ಣದು, ಮರದ ತುದಿಗೆ ಮುಟ್ಟುವಂಥದಲ್ಲ. ಅದರ ಮೇಲಿನ ಚೀಟಿಯಲ್ಲಿ 'ನಾಲ್ಕೂವರೆ ಗಂಟೆ' ಎಂದು ಅವನದೇ ಕೈಬರಹವಿದೆ. ತಂಗಿ ಅದನ್ನು ತಲೆಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದಾಳೆ. ಸಂಜೆ ಪೂಜೆಯ ಕೋಣೆಯ ದೀಪಕ್ಕೆ ಎಣ್ಣೆ ನೋಡಿ ಬಂದವಳು, ಆ ಟಾರ್ಚನ್ನೂ ಒಮ್ಮೆ ಹಚ್ಚಿ, ಆರಿಸಿ, ಮತ್ತೆ ಮೊಳೆಗೆ ಹಾಕುತ್ತಾಳೆ. ಬಂಧುಗಳೆಲ್ಲರೂ ತಮ್ಮ ತಮ್ಮ ಮನೆಗಳಲ್ಲಿ ಇಂದಿನ ಸಂಜೆಯಿಂದಲೇ ಈ ರೂಢಿಯನ್ನು ಆರಂಭಿಸಬೇಕೆಂದು ವಿನಂತಿಸುತ್ತೇನೆ.