ತೆಳುಗಾಳಿಯ ಊರಿನಲ್ಲಿ ಹತ್ತು ಕಿಲೋಮೀಟರು

ಮೇ ತಿಂಗಳ ಕೊನೆಯ ವಾರ. ಪುತ್ತೂರಿನಲ್ಲಿ ಆ ಹೊತ್ತಿಗೆ ಮನೆಮನೆಯ ಹಿತ್ತಿಲಿನಲ್ಲೂ ಹಲಸು ಹಣ್ಣಾಗಿರುತ್ತದೆ. ಮಳೆ ಇಂದು ಬಂದೀತು, ನಾಳೆ ಬಂದೀತು ಎಂದು ಅಡಿಕೆ ತೋಟದವರು ಪಡುವಣ ದಿಕ್ಕನ್ನು ನೋಡುತ್ತಿರುತ್ತಾರೆ. ಬೆಳಗಿನ ಆರು ಗಂಟೆಗೆ ಒಂದು ಫರ್ಲಾಂಗು ನಡೆದರೂ ಅಂಗಿಯು ಬೆನ್ನಿಗೆ ಅಂಟಿಕೊಳ್ಳುವ ಕಾಲವದು.

ಅದೇ ವಾರದಲ್ಲಿ, ಭೂಮಿಯ ಆಚೆಯ ಮಗ್ಗುಲಲ್ಲಿ, ಅಮೆರಿಕದ ಕೊಲರಾಡೊ ಸಂಸ್ಥಾನದ ಬೋಲ್ಡರ್ ಪಟ್ಟಣದಲ್ಲಿ ವಸಂತವು ಮುಗಿಯುತ್ತ ಬಂದಿರುತ್ತದೆ. ಮಡಿದ ಯೋಧರನ್ನು ಸ್ಮರಿಸುವ ಸೋಮವಾರದಂದು ಆ ಊರಿನ ಬೀದಿಗಳಲ್ಲಿ ‘ಬೋಲ್ಡರ್ ಬೋಲ್ಡರ್’ ಎಂಬ ಹತ್ತು ಕಿಲೋಮೀಟರಿನ ಓಟ ನಡೆಯುತ್ತದೆ. 1979ರಲ್ಲಿ ಸ್ಟೀವ್ ಬಾಸ್ಲಿ ಎಂಬ ಬ್ಯಾಂಕಿನ ಅಧಿಕಾರಿಯು, 1972ರ ಮ್ಯೂನಿಕ್ ಒಲಿಂಪಿಕ್ಸಿನ ಮ್ಯಾರಥಾನ್ ವಿಜೇತ ಫ್ರಾಂಕ್ ಶಾರ್ಟರರ ನೆರವಿನಿಂದ ಇದನ್ನು ಆರಂಭಿಸಿದರು. ಕೆಲವು ವರ್ಷಗಳಲ್ಲಿ ಅರ್ಧ ಲಕ್ಷಕ್ಕೂ ಮಿಕ್ಕಿ ಜನರು ಓಡಿದ್ದಾರೆ. ಗುಂಪು ಗುಂಪಾಗಿ ಹೊರಟ ಈ ಜನಪ್ರವಾಹವು ಕಡೆಗೆ ವಿಶ್ವವಿದ್ಯಾಲಯದ ಕ್ರೀಡಾಂಗಣವನ್ನು ಸೇರುತ್ತದೆ.

ಪುತ್ತೂರು, ಸುಳ್ಯ, ಕಡಬಗಳ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾರೆ. ಬೇಸಗೆಯ ರಜೆಗೆ ಅಣ್ಣನ ಮನೆಗೆಂದು ಹೋದ ತಮ್ಮನೊಬ್ಬನು, “ಊರಿನಲ್ಲಿ ದಿನವೂ ಓಡುವವನಿಗೆ ಹತ್ತು ಕಿಲೋಮೀಟರು ಯಾವ ಲೆಕ್ಕ?” ಎಂದು ಈ ಓಟಕ್ಕೆ ಹೆಸರು ಕೊಟ್ಟನೆಂದು ಇಟ್ಟುಕೊಳ್ಳೋಣ. ಅವನ ಕಾಲುಗಳಲ್ಲಿ ದೋಷವಿಲ್ಲ. ಲೆಕ್ಕದಲ್ಲಿ ಮಾತ್ರ ದೋಷವಿದೆ.

ಕುಮಾರ ಪರ್ವತದ ಎತ್ತರದಲ್ಲಿ ಒಂದು ಪಟ್ಟಣ

ಬೋಲ್ಡರ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 1,650 ಮೀಟರು ಎತ್ತರದಲ್ಲಿದೆ. ಈ ಸಂಖ್ಯೆಯ ಅರ್ಥವನ್ನು ತಿಳಿಯಲು ಕಡಬ ತಾಲೂಕಿನವರು ದೂರ ಹೋಗಬೇಕಾಗಿಲ್ಲ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ನಿಂತು ತಲೆಯೆತ್ತಿದರೆ ಸಾಕು. ಗಿರಿಗದ್ದೆಯ ಭಟ್ಟರ ಮನೆಯನ್ನು ಹಾದು, ಶೇಷ ಪರ್ವತವನ್ನು ದಾಟಿ, ಏದುಸಿರು ಬಿಡುತ್ತ ಚಾರಣಿಗರು ಮುಟ್ಟುವ ಕುಮಾರ ಪರ್ವತದ ನೆತ್ತಿಯ ಎತ್ತರ 1,712 ಮೀಟರು. ಆ ನೆತ್ತಿಗಿಂತ ಅರವತ್ತು ಮೀಟರಿನಷ್ಟು ಕೆಳಗೆ ಒಂದು ಇಡೀ ಪಟ್ಟಣವಿದೆ, ಅಲ್ಲಿ ರಸ್ತೆಗಳಿವೆ, ಆ ರಸ್ತೆಗಳಲ್ಲಿ ಜನರು ಪಂದ್ಯ ಓಡುತ್ತಾರೆ ಎಂದು ಕಲ್ಪಿಸಿಕೊಂಡರೆ ಬೋಲ್ಡರಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಪುತ್ತೂರು, ಸುಳ್ಯ ಪೇಟೆಗಳಾದರೋ ನೂರು ಮೀಟರಿನ ಆಸುಪಾಸಿನಲ್ಲಿವೆ.

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯೆಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಪುತ್ತೂರಿನಲ್ಲಿಯೂ ಬೋಲ್ಡರಿನಲ್ಲಿಯೂ ಗಾಳಿಯಲ್ಲಿ ಆಮ್ಲಜನಕವು ಶೇಕಡ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಬೋಲ್ಡರಿನಲ್ಲಿ ಅದು ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡ 18ರಷ್ಟು ಕಡಿಮೆ. ಒಂದೇ ಅಳತೆಯ ಉಸಿರಿನಲ್ಲಿ ಎದೆಗೂಡಿಗೆ ಸೇರುವ ಆಮ್ಲಜನಕವೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಸೇರು ಅದೇ; ಆದರೆ ಅಕ್ಕಿಯನ್ನು ಸಡಿಲವಾಗಿ ಅಳೆದು ಕೊಟ್ಟಂತೆ!

ಮೆಕ್ಸಿಕೊದ ಪಾಠ

ಈ ಸಡಿಲ ಅಳತೆಯು ಎಂಥವರನ್ನೂ ಬಿಡದೆಂಬುದಕ್ಕೆ 1968ರ ಮೆಕ್ಸಿಕೊ ನಗರದ ಒಲಿಂಪಿಕ್ಸ್ ಸಾಕ್ಷಿ. ಆ ನಗರದ ಎತ್ತರ ಸುಮಾರು 2,240 ಮೀಟರು. ಹತ್ತು ಸಾವಿರ ಮೀಟರಿನ ಓಟದಲ್ಲಿ ಆಸ್ಟ್ರೇಲಿಯದ ರಾನ್ ಕ್ಲಾರ್ಕರ ಹೆಸರಿನಲ್ಲಿ 27 ನಿಮಿಷ 39.4 ಸೆಕೆಂಡುಗಳ ವಿಶ್ವದಾಖಲೆಯಿತ್ತು. ಅಂದು ಅವರು ಆರನೆಯವರಾಗಿ ಗುರಿ ಮುಟ್ಟಿ ಪ್ರಜ್ಞೆ ತಪ್ಪಿ ಬಿದ್ದರು. ಅವರಿಗೆ ಆಮ್ಲಜನಕ ಕೊಡಬೇಕಾಯಿತು. ಚಿನ್ನ ಗೆದ್ದವರು ಕೀನ್ಯಾದ ನಫ್ತಾಲಿ ಟೆಮು, ಬೆಳ್ಳಿ ಗೆದ್ದವರು ಇಥಿಯೋಪಿಯದ ಮಾಮೊ ವೊಲ್ಡೆ. ಇಬ್ಬರೂ ಎತ್ತರದ ನಾಡಿನವರು. ಗೆದ್ದ ಟೆಮುವಿಗೂ 29 ನಿಮಿಷ 27.4 ಸೆಕೆಂಡುಗಳು ಹಿಡಿದವು.

ಅದೇ ಊರಿನಲ್ಲಿ, ಅದೇ ವಾರದಲ್ಲಿ, ಬಾಬ್ ಬೀಮನ್ 8.90 ಮೀಟರು ಉದ್ದ ಜಿಗಿದು ಜಗತ್ತನ್ನು ಬೆರಗುಗೊಳಿಸಿದರು. ಕ್ಷಣಮಾತ್ರದ ಸಾಹಸಕ್ಕೆ ಉಸಿರಿನ ಆಸರೆ ಬೇಕಿಲ್ಲ. ತೆಳುಗಾಳಿಯ ತಡೆಯೂ ಕಡಿಮೆ. ಪುತ್ತೂರಿನ ಕಂಬಳದ ಕರೆಯಲ್ಲಿ ಕೋಣಗಳ ಹಿಂದೆ ಧಾವಿಸುವ ಓಟಗಾರನದೂ ಕೆಲವೇ ಸೆಕೆಂಡುಗಳ ಸಾಹಸ. ಆದರೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಓಡಬೇಕಾದವನು ಪ್ರತಿಯೊಂದು ಹೆಜ್ಜೆಗೂ ಉಸಿರಿಗೆ ಋಣಿ.

ಅತಿಥಿಯ ದೇಹದೊಳಗೆ

ಹೊಸಬನು ಬಂದಿಳಿದ ಕೂಡಲೆ ದೇಹವು ಎಚ್ಚೆತ್ತುಕೊಳ್ಳುತ್ತದೆ. ಉಸಿರಾಟ ತೀವ್ರವಾಗುತ್ತದೆ, ನಾಡಿ ವೇಗವಾಗಿ ಬಡಿಯುತ್ತದೆ. ಮೂತ್ರಪಿಂಡಗಳು ಒಂದು ಚೋದಕರಸವನ್ನು ಹೆಚ್ಚಾಗಿ ಸ್ರವಿಸಿ, ಕೆಂಪು ರಕ್ತಕಣಗಳನ್ನು ಹೆಚ್ಚಿಸುವಂತೆ ಎಲುಬಿನ ಮಜ್ಜೆಗೆ ಕರೆ ಕಳುಹಿಸುತ್ತವೆ. ಕರೆ ಹೋಗುವುದು ಗಂಟೆಗಳಲ್ಲಿ. ಕೆಲಸ ಕೈಗೂಡುವುದು ವಾರಗಳಲ್ಲಿ. ಅಷ್ಟರೊಳಗೆ, ಮೊದಲ ಕೆಲವು ದಿನಗಳಲ್ಲಿ, ರಕ್ತದ ನೀರಿನಂಶ ಕುಗ್ಗುತ್ತದೆ, ನಿದ್ರೆಯೂ ಕೆಡಬಹುದು. ಆದುದರಿಂದಲೇ ಬಲ್ಲವರು ಎರಡು ಮಾರ್ಗಗಳನ್ನು ಹೇಳುತ್ತಾರೆ: ಎರಡು ಮೂರು ವಾರ ಮುಂಚಿತವಾಗಿ ಹೋಗಿ ನೆಲೆಸಿ ಓಡಬೇಕು, ಇಲ್ಲವೆ ಹೋದ ಮರುದಿನವೇ ಓಡಿಬಿಡಬೇಕು. ಕಡಲಾಚೆಯಿಂದ ಹೋಗುವವನಿಗೆ ಹಗಲು ರಾತ್ರಿಗಳೂ ಅದಲುಬದಲಾಗಿರುವುದರಿಂದ ಮೊದಲ ಮಾರ್ಗವೇ ಲೇಸು.

ಬೆವರೂ ವಂಚಿಸುತ್ತದೆ. ಸುಳ್ಯದ ತೇವದ ಹವೆಯಲ್ಲಿ ಹಣೆಯಿಂದ ಹನಿ ಉದುರುವುದರಿಂದ ಬಾಯಾರಿಕೆಯ ನೆನಪು ತಾನಾಗಿ ಆಗುತ್ತದೆ. ಬೋಲ್ಡರಿನ ಒಣಗಾಳಿಯು ಬೆವರನ್ನು ಒಡನೆಯೇ ಹೀರಿಬಿಡುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಮೈಯ ನೀರು ಮಾತ್ರ ಹೋಗುತ್ತಿರುತ್ತದೆ. ಬಿಸಿಲು ತಂಪಾಗಿ ಕಂಡರೂ ಎತ್ತರದಲ್ಲಿ ಅದರ ಅತಿನೇರಳೆ ಕಿರಣಗಳು ಹೆಚ್ಚು ತೀಕ್ಷ್ಣ. ನೀರಿನ ಪಾತ್ರೆಯನ್ನೂ ತಲೆಗೆ ಟೊಪ್ಪಿಯನ್ನೂ ಮರೆಯತಕ್ಕದ್ದಲ್ಲ.

ಮೊದಲ ಮೈಲಿಯ ವಿವೇಕ

ಹೊಸಬರು ಎಡವುವುದು ಬಹುಮಟ್ಟಿಗೆ ಮೊದಲ ಮೈಲಿಯಲ್ಲಿ. ವಾದ್ಯಗಳ ಮೊಳಗು, ಬೀದಿಯ ಇಕ್ಕೆಲದ ಜನರ ಚಪ್ಪಾಳೆ, ತಣ್ಣನೆಯ ಬೆಳಗು. ಕಾಲುಗಳು ಊರಿನ ವೇಗವನ್ನೇ ಹಿಡಿಯುತ್ತವೆ. ಆಮ್ಲಜನಕದ ಸಾಲ ಒಮ್ಮೆ ಏರಿತೆಂದರೆ ತೆಳುಗಾಳಿಯಲ್ಲಿ ಅದನ್ನು ತೀರಿಸುವುದು ಕಷ್ಟ. ಗಡಿಯಾರವನ್ನು ಕಿಸೆಯಲ್ಲಿಟ್ಟು ಉಸಿರಿಗೆ ಕಿವಿಗೊಡುವುದೇ ವಿವೇಕ. ಪಕ್ಕದವನೊಡನೆ ಒಂದು ಸಣ್ಣ ಮಾತನ್ನಾಡಲು ಸಾಧ್ಯವಾಗುವಷ್ಟು ವೇಗವಿದ್ದರೆ ಕ್ಷೇಮ. ತಲೆ ಸುತ್ತಿದರೆ, ಎದೆ ಬಿಗಿದರೆ, ಹೆಜ್ಜೆ ತಡವರಿಸಿದರೆ ನಿಂತು ನೆರವು ಕೇಳಬೇಕು. ಅದರಲ್ಲಿ ಅವಮಾನವೇನೂ ಇಲ್ಲ. ಹೃದಯದ ತೊಂದರೆಯೋ ರಕ್ತಹೀನತೆಯೋ ಇದ್ದವರು ಹೊರಡುವ ಮೊದಲೇ ವೈದ್ಯರನ್ನು ಕಾಣಬೇಕು.

ಊರಿನಲ್ಲಿಯೇ ಸ್ವಲ್ಪ ಸಿದ್ಧತೆ ಸಾಧ್ಯ. ಸುಳ್ಯದಿಂದ ಸಂಪಾಜೆಯ ಮೂಲಕ ಐವತ್ತು ಕಿಲೋಮೀಟರು ಹೋದರೆ ಮಡಿಕೇರಿ. ಅಲ್ಲಿನ ಎತ್ತರ ಸುಮಾರು 1,150 ಮೀಟರು. ಅಲ್ಲಿ ಎರಡು ದಿನ ಓಡಿದರೆ ರಕ್ತವೇನೂ ಬದಲಾಗದು. ಆದರೆ ಏರು ರಸ್ತೆಯಲ್ಲಿ ಉಸಿರನ್ನು ಹದವಾಗಿ ಬಳಸುವ ಅಭ್ಯಾಸವಾದೀತು.

ಹೀಗೆ ಓಡಿದ ತಮ್ಮನು ಕ್ರೀಡಾಂಗಣದ ಬಾಗಿಲನ್ನು ಹೊಕ್ಕಾಗ ಅವನ ಗಡಿಯಾರವು ಪುತ್ತೂರಿನ ಲೆಕ್ಕಕ್ಕಿಂತ ಕೆಲವು ನಿಮಿಷ ಹೆಚ್ಚು ತೋರಿಸೀತು. ಅದು ಸೋಲಲ್ಲ, ಎತ್ತರದ ಊರು ಅತಿಥಿಯಿಂದ ಪಡೆಯುವ ಸುಂಕ. ಅದನ್ನು ಮೊದಲೇ ಎಣಿಸಿ ತೆತ್ತವನು ಮೆಟ್ಟಲುಗಳ ಮೇಲೆ ಕಾದಿರುವ ಅಣ್ಣ ಅತ್ತಿಗೆಯರ ಬಳಿಗೆ ನಗುತ್ತ ನಡೆದು ಹೋಗುತ್ತಾನೆ. ಆ ಸಂಜೆ ಅಮ್ಮನಿಗೆ ಫೋನಿನಲ್ಲಿ ಹೇಳಲು ಅವನಿಗೆ ಸಂತೋಷದ ಸುದ್ದಿಯೊಂದಿರುತ್ತದೆ.