ಬಿದಿರ ಕಡ್ಡಿಯ ನಕ್ಷತ್ರಕ್ಕೆ ಒಂಬತ್ತು ವೋಲ್ಟಿನ ಬೆಳಕು

ಡಿಸೆಂಬರ್ ಕಾಲಿಟ್ಟಿತೆಂದರೆ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಮನೆಯ ಒಂದು ಮೂಲೆಯಲ್ಲಿ ಬೈಹುಲ್ಲಿನ ಗೋದಲಿ ಸಿದ್ಧವಾಗುತ್ತದೆ. ಅಂಗಡಿಯಲ್ಲಿ ತಯಾರಾದ ನಕ್ಷತ್ರಗಳು ರಾಶಿ ರಾಶಿಯಾಗಿ ಸಿಗುವ ಕಾಲದಲ್ಲೂ ಬಿದಿರ ಕಡ್ಡಿ ಸೀಳಿ, ಬಣ್ಣದ ಕಾಗದ ಅಂಟಿಸಿ ಮನೆಯಲ್ಲೇ ನಕ್ಷತ್ರ ಕಟ್ಟುವವರಿದ್ದಾರೆ. ದೀಪಾವಳಿಯಲ್ಲಿ ಗೂಡುದೀಪ ಕಟ್ಟಿದ ಕೈಗಳಿಗೆ ಇದು ಹೊಸ ಕೆಲಸವೇನಲ್ಲ.

ಆದರೆ ನಕ್ಷತ್ರದೊಳಗೆ ದೀಪ ಇಡುವ ಹೊತ್ತು ಬಂದಾಗ ಮಕ್ಕಳನ್ನು ಪಕ್ಕಕ್ಕೆ ಸರಿಸಿ ದೊಡ್ಡವರು ಮುಂದೆ ಬರುತ್ತಾರೆ. ಕಡ್ಡಿ ಕಟ್ಟಿದ್ದು ಮಗುವಾದರೂ ಬೆಳಕು ಮಾತ್ರ ಅದರ ಕೈಗೆ ಸಿಗುವುದಿಲ್ಲ. ಈ ಎಚ್ಚರಿಕೆಗೆ ಬಲವಾದ ಕಾರಣವಿದೆ. ಆ ಕಾರಣವನ್ನು ಸರಿಯಾಗಿ ತಿಳಿದುಕೊಂಡರೆ ಅದನ್ನು ನಿವಾರಿಸುವ ದಾರಿಯೂ ತಿಳಿಯುತ್ತದೆ.

ಮೂಡಣದ ಜ್ಞಾನಿಗಳಿಗೆ ದಾರಿ ತೋರಿದ ನಕ್ಷತ್ರದ ಪ್ರಸ್ತಾಪ ಮತ್ತಾಯನ ಸುವಾರ್ತೆಯಲ್ಲಿದೆ. ಹಬ್ಬದ ನಕ್ಷತ್ರಕ್ಕೆ ಅದೇ ಮೂಲ. 19ನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ನೀಸ್ಕಿ ಎಂಬ ಊರಿನ ಮೊರೇವಿಯನ್ ಶಾಲೆಯ ಹುಡುಗರು ಕಾಗದದಲ್ಲಿ ಹಲವು ಮೊನೆಗಳ ನಕ್ಷತ್ರ ಮಾಡುತ್ತಿದ್ದರು. ರೇಖಾಗಣಿತದ ಪಾಠವಾಗಿ ಹುಟ್ಟಿದ ಆ ನಕ್ಷತ್ರ ಇಂದಿಗೂ 'ಹೆರ್ನ್‌ಹೂಟ್ ನಕ್ಷತ್ರ' ಎಂದು ಹೆಸರಾಗಿದೆ. ಜರ್ಮನಿಯಲ್ಲೇ ಕ್ರಿಸ್‌ಮಸ್ ಮರಕ್ಕೆ ಮೇಣದಬತ್ತಿ ಹಚ್ಚುವ ಪದ್ಧತಿಯೂ ಬೆಳೆಯಿತು. ಒಣಗುತ್ತಿರುವ ಮರದ ಮೇಲೆ ಉರಿಯುವ ಬತ್ತಿಯೆಂದರೆ ಬೆಂಕಿಗೆ ಆಹ್ವಾನವಿತ್ತಂತೆ. ಹಾಗಾಗಿ ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡೇ ಬತ್ತಿ ಹಚ್ಚುತ್ತಿದ್ದರು.

ಈ ಭಯಕ್ಕೆ ಮೊದಲ ಉತ್ತರ ದೊರೆತದ್ದು 1882ರ ಡಿಸೆಂಬರ್‌ನಲ್ಲಿ. ಥಾಮಸ್ ಎಡಿಸನ್‌ನ ಸಹೋದ್ಯೋಗಿ ಎಡ್ವರ್ಡ್ ಜಾನ್‌ಸನ್ ನ್ಯೂಯಾರ್ಕಿನ ತನ್ನ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುತ್ ಬಲ್ಬುಗಳನ್ನು ಕಟ್ಟಿಸಿದ. ಅಕ್ರೋಟು ಕಾಯಿಯಷ್ಟು ಗಾತ್ರದ ಆ ಬಲ್ಬುಗಳಿಗೆ ತಂತಿಯನ್ನು ಕೈಯಿಂದಲೇ ಜೋಡಿಸಲಾಗಿತ್ತು. ಮರ ತನ್ನಷ್ಟಕ್ಕೆ ತಿರುಗುತ್ತಿದ್ದಂತೆ ದೀಪಗಳು ಸರದಿಯಂತೆ ಆರಿ ಹೊತ್ತುತ್ತಿದ್ದವು. ಹೀಗೆ ಜಗತ್ತಿನ ಮೊದಲ ವಿದ್ಯುತ್ ಕ್ರಿಸ್‌ಮಸ್ ಮರವೂ ಮನೆಯಲ್ಲೇ ಮಾಡಿದ್ದು! ತಂತಿ ಜೋಡಿಸಿದ ಸಿದ್ಧ ಮಾಲೆಗಳನ್ನು ಜನರಲ್ ಎಲೆಕ್ಟ್ರಿಕ್ ಕಂಪನಿ ಮಾರಾಟಕ್ಕೆ ತಂದದ್ದು 1903ರಲ್ಲಿ.

ನಮ್ಮಲ್ಲಿ ಈ ಮಾಲೆಗೆ 'ಸೀರಿಯಲ್ ಸೆಟ್' ಎಂದೇ ಹೆಸರು. ಗಣೇಶನ ಪೆಂಡಾಲಿಗೂ ಮದುವೆ ಚಪ್ಪರಕ್ಕೂ ಕ್ರಿಸ್‌ಮಸ್ ನಕ್ಷತ್ರಕ್ಕೂ ಅದೇ ಮಾಲೆ. ಅದರ ಲೆಕ್ಕ ಸರಳ. ಟಾರ್ಚಿನ ಬಲ್ಬಿಗೆ ಸುಮಾರು 6 ವೋಲ್ಟ್ ಸಾಕು, ಮನೆಯ ವಿದ್ಯುತ್ತು 230 ವೋಲ್ಟ್. ಒಂದರ ಬಾಲಕ್ಕೆ ಇನ್ನೊಂದರಂತೆ ನಲವತ್ತರಷ್ಟು ಬಲ್ಬುಗಳನ್ನು ಸಾಲಾಗಿ ಬೆಸೆದರೆ ವೋಲ್ಟೇಜು ಎಲ್ಲಕ್ಕೂ ಹಂಚಿಹೋಗುತ್ತದೆ. ಸಾಲಿನಲ್ಲಿ ಒಂದು ಬಲ್ಬು ಸುಟ್ಟರೂ ಇಡೀ ಮಾಲೆ ಆರುವುದು ಇದೇ ಕಾರಣಕ್ಕೆ. ದಾರಿ ಒಂದೇ ಆದ್ದರಿಂದ ಅದು ಎಲ್ಲಿ ಕಡಿದರೂ ಹರಿವು ನಿಲ್ಲುತ್ತದೆ.

ಅಪಾಯ ಅಡಗಿರುವುದೂ ಇಲ್ಲೇ. ಪ್ರತಿ ಬಲ್ಬಿಗೆ ಸಿಗುವುದು ಆರೇ ವೋಲ್ಟಾದ್ದರಿಂದ ಇದು ನಿರಪಾಯಕಾರಿ ಎಂದು ಹಲವರು ಭಾವಿಸುತ್ತಾರೆ. ಇದು ತಪ್ಪು. ಬಲ್ಬು ಸುಟ್ಟು ಹರಿವು ನಿಂತಾಗ, ಕಡಿದ ಆ ಒಂದು ಜಾಗದ ಎರಡು ತುದಿಗಳ ನಡುವೆ ಪೂರ್ತಿ 230 ವೋಲ್ಟ್ ಬಂದು ನಿಲ್ಲುತ್ತದೆ. ಮಾಲೆ ಆರಿದೆಯೆಂದು ಸ್ವಿಚ್ ತೆಗೆಯದೆ, ಸುಟ್ಟ ಬಲ್ಬನ್ನು ಹುಡುಕುತ್ತ ಒಂದೊಂದೇ ಬೆಸುಗೆಯನ್ನು ಬೆರಳಿನಿಂದ ಮುಟ್ಟಿ ನೋಡುವವನು ನೇರವಾಗಿ ಸಾವಿನ ಬಾಯಿಗೆ ಕೈ ಹಾಕಿದಂತೆ. ಆರಿದ ಮಾಲೆ ಉರಿಯುವ ಮಾಲೆಯಷ್ಟೇ ಅಪಾಯಕಾರಿ. ಡಿಸೆಂಬರ್‌ನ ಇಬ್ಬನಿಗೆ ಕಾಗದ ಒದ್ದೆಯಾಗಿದ್ದರಂತೂ ಕೇಳುವುದೇ ಬೇಡ.

ಈ ಸಮಸ್ಯೆಗೆ ಪರಿಹಾರವಾಗಿ ಒದಗಿದ್ದು ಎಲ್‌ಇಡಿ ಎಂಬ ಪುಟ್ಟ ದೀಪ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ನಿಕ್ ಹೊಲೋನ್ಯಾಕ್ 1962ರಲ್ಲಿ ತಯಾರಿಸಿದರು. ಹಸಿರು, ಹಳದಿ ದೀಪಗಳು ಅದರ ಬೆನ್ನಿಗೇ ಬಂದರೂ ಪ್ರಖರವಾದ ನೀಲಿ ಮಾತ್ರ ದಶಕಗಳ ಕಾಲ ವಿಜ್ಞಾನಿಗಳನ್ನು ಸತಾಯಿಸಿತು. 1990ರ ದಶಕದಲ್ಲಿ ಜಪಾನಿನಲ್ಲಿ ಅದು ಸಾಧ್ಯವಾಯಿತು. ಅದಕ್ಕಾಗಿ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿ ಸಂದಿತು. ಬಿಳಿ ಎಲ್‌ಇಡಿ ಹುಟ್ಟಿದ್ದು ಈ ನೀಲಿಯಿಂದಲೇ.

ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ನೀಲಿ, ಬಿಳಿಗೆ 3ರ ಆಸುಪಾಸು. ಅಂದರೆ ರೇಡಿಯೊಗೆ ಹಾಕುವ 9 ವೋಲ್ಟಿನ ಚೌಕ ಬ್ಯಾಟರಿಯೇ ನಕ್ಷತ್ರ ಬೆಳಗಲು ಧಾರಾಳವಾಯಿತು. ನಕ್ಷತ್ರದ ಐದು ಮೊನೆಗೆ ಐದು, ನಡುವೆ ಒಂದು, ಒಟ್ಟು ಆರು ಕೆಂಪು ದೀಪಗಳು ಬೇಕೆನ್ನಿ. ಮೂರು ಮೂರರ ಎರಡು ಸಾಲು ಮಾಡಬೇಕು. ಒಂದು ಸಾಲು 6 ವೋಲ್ಟ್ ತೆಗೆದುಕೊಂಡರೆ ಉಳಿಯುವುದು 3. ಆ ಮೂರನ್ನು ತಡೆಯಲು ಪ್ರತಿ ಸಾಲಿಗೂ 220 ಓಮ್‌ನ ಒಂದು ರೆಸಿಸ್ಟರ್ ಹಾಕಬೇಕು. ಆಗ ಹರಿಯುವುದು ಸುಮಾರು 14 ಮಿಲಿ ಆಂಪಿಯರ್, ದೀಪಕ್ಕೆ ಹಿತವಾದ ಪ್ರಮಾಣ. ರೆಸಿಸ್ಟರ್ ಮರೆತರೆ ಎಲ್‌ಇಡಿ ಕ್ಷಣಮಾತ್ರದಲ್ಲಿ ಸುಟ್ಟುಹೋದೀತು. ಎಲ್‌ಇಡಿಯ ಉದ್ದನೆಯ ಕಾಲು ಬ್ಯಾಟರಿಯ ಪ್ಲಸ್ ಕಡೆಗಿರಬೇಕು. ತಿರುಗುಮುರುಗಾದರೆ ದೀಪ ಹತ್ತುವುದಿಲ್ಲ. ಒಂದು ಸಾಲು ಕೆಟ್ಟರೂ ಇನ್ನೊಂದು ಸಾಲು ಉರಿಯುತ್ತಲೇ ಇರುತ್ತದೆ. ದಿನಕ್ಕೆ ಮೂರು ಗಂಟೆ ಉರಿಸಿದರೆ ಒಂದು ಒಳ್ಳೆಯ ಬ್ಯಾಟರಿ ನಾಲ್ಕೈದು ದಿನ ಬಂದೀತು.

ಇನ್ನು ಮಿನುಗುವ ಮಾತು. ಹಿಂದೆ ಸೀರಿಯಲ್ ಸೆಟ್ ಮಿನುಗಿಸಲು ಟ್ಯೂಬ್‌ಲೈಟಿನ ಸ್ಟಾರ್ಟರನ್ನೇ ಸಾಲಿನಲ್ಲಿ ಸೇರಿಸುವ ಉಪಾಯ ಬಲ್ಲವರಿದ್ದರು. ಅದರೊಳಗಿನ ಲೋಹದ ಪಟ್ಟಿ ಕಾದು ಬಾಗಿ ಕೂಡುತ್ತದೆ, ತಣ್ಣಗಾಗಿ ಬಿಡಿಸಿಕೊಳ್ಳುತ್ತದೆ; ದೀಪ ಹತ್ತಿ ಆರುತ್ತದೆ. ಈಗ ಆ ಕೆಲಸವನ್ನು 555 ಎಂಬ ಎಂಟು ಕಾಲಿನ ಐಸಿ ಮಾಡುತ್ತದೆ. ಸ್ವಿಸ್ ಮೂಲದ ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ ಇದು ಇಂದಿಗೂ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಗ್ಗದಲ್ಲಿ ಸಿಗುತ್ತದೆ. ಇದರ ಕೆಲಸ ನಲ್ಲಿಯ ಕೆಳಗಿಟ್ಟ ಕೊಡವನ್ನು ಕಾಯುವವನಂತೆ. ಕೊಡದ ಜಾಗದಲ್ಲಿ ಕಪಾಸಿಟರ್, ನಲ್ಲಿಯ ಜಾಗದಲ್ಲಿ ರೆಸಿಸ್ಟರ್. ಬ್ಯಾಟರಿಯ ವೋಲ್ಟೇಜಿನ ಮೂರನೆಯ ಎರಡು ಪಾಲು ತುಂಬಿತೆಂದರೆ 555 ಅದನ್ನು ಚೆಲ್ಲತೊಡಗುತ್ತದೆ. ಮೂರನೆಯ ಒಂದು ಪಾಲಿಗೆ ಇಳಿದಾಗ ಮತ್ತೆ ತುಂಬಲು ಬಿಡುತ್ತದೆ. ತುಂಬುವಾಗ ಬೆಳಕು, ಚೆಲ್ಲುವಾಗ ಕತ್ತಲೆ. 1 ಕಿಲೋ ಓಮ್ ಮತ್ತು 68 ಕಿಲೋ ಓಮ್ ರೆಸಿಸ್ಟರುಗಳ ಜತೆ 10 ಮೈಕ್ರೋಫ್ಯಾರಡ್ ಕಪಾಸಿಟರ್ ಇಟ್ಟರೆ ನಕ್ಷತ್ರ ಸುಮಾರು ಸೆಕೆಂಡಿಗೊಮ್ಮೆ ಮಿನುಗುತ್ತದೆ.

ಹಾಗೆಂದು ಎಚ್ಚರಿಕೆಯನ್ನು ಪೂರ್ತಿ ಕೈಬಿಡುವಂತಿಲ್ಲ. ಬೆಸುಗೆ ಕಡ್ಡಿಯ ಕಾವು ಚರ್ಮ ಸುಡುತ್ತದೆ, ಅಲ್ಲಿ ದೊಡ್ಡವರು ಜತೆಗಿರಬೇಕು. ಬ್ಯಾಟರಿಯ ಎರಡು ತುದಿ ನೇರವಾಗಿ ತಾಗಿದರೆ ಬಿಸಿಯೇರುತ್ತದೆ. ಗುಂಡಿಯಂಥ ಚಪ್ಪಟೆ ಬ್ಯಾಟರಿಗಳನ್ನು ಪುಟ್ಟ ಮಕ್ಕಳಿರುವ ಮನೆಯಲ್ಲಿ ಬಳಸದಿರುವುದೇ ಲೇಸು. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟೀತು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟು ಜಾಗ್ರತೆ ವಹಿಸಿದರೆ ಉಳಿದದ್ದೆಲ್ಲ ಮಕ್ಕಳ ಕೆಲಸ. ನೀಸ್ಕಿಯ ಹುಡುಗರಿಗೆ ನಕ್ಷತ್ರ ರೇಖಾಗಣಿತ ಕಲಿಸಿತು. ಇಂದಿನ ಮಕ್ಕಳಿಗೆ ಅದೇ ನಕ್ಷತ್ರ ವಿದ್ಯುತ್ತಿನ ಪಾಠವನ್ನೂ ಹೇಳಬಲ್ಲದು. ಕಡ್ಡಿ ಕಟ್ಟಿದ ಮಗುವೇ ಇನ್ನು ಮುಂದೆ ದೀಪವನ್ನೂ ಹಚ್ಚಬಹುದು.