ಅವಸರದ ಡಯಟ್‌ಗಿಂತ ಅವಮೌದರ್ಯ ಲೇಸು

ಮದುವೆಗೆ ಇನ್ನೊಂದೇ ತಿಂಗಳು ಎಂದು ಊಟ ಬಿಟ್ಟು ಬರೀ ಜ್ಯೂಸ್ ಕುಡಿದು ತೂಕ ಇಳಿಸುವವರು ಜೈನ ಮನೆಗಳಲ್ಲೂ ಇದ್ದಾರೆ. ಮೊದಲ ವಾರ ಇಳಿಯುವುದರಲ್ಲಿ ಹೆಚ್ಚಿನ ಪಾಲು ನೀರು. ಮುಂದೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಉಂಟು. ಹಳೆಯ ಊಟಕ್ಕೆ ಮರಳಿದರೆ ತೂಕವೂ ಮರಳುತ್ತದೆ.

ಪರ್ವದ ಉಪವಾಸ ಕರ್ಮನಿರ್ಜರೆಗಾಗಿ, ಸೊಂಟದ ಅಳತೆಗಾಗಿ ಅಲ್ಲ. ಆರು ಬಾಹ್ಯ ತಪಗಳಲ್ಲಿ ಅನಶನದ ನಂತರ ಬರುವ ಅವಮೌದರ್ಯವೆಂದರೆ ಹೊಟ್ಟೆ ತುಂಬುವುದಕ್ಕಿಂತ ತುಸು ಕಡಿಮೆ ಉಣ್ಣುವುದು. ಇದೂ ತಪವೇ, ಆದರೆ ಗೃಹಸ್ಥರು ನಿತ್ಯ ಪಾಲಿಸಿದರೆ ದೇಹಕ್ಕೂ ಹಿತ. ಸೂರ್ಯಾಸ್ತದೊಳಗೆ ಊಟ, ಮಿತವಾದ ಎಣ್ಣೆ-ಸಿಹಿ, ಸಾಕಷ್ಟು ಬೇಳೆಕಾಳು, ದಿನಕ್ಕೆ 30 ನಿಮಿಷ ನಡಿಗೆ ಜೊತೆಗಿರಲಿ. ವಾರಕ್ಕೆ ಅರ್ಧ ಕಿಲೋ ಇಳಿದರೂ ಸಾಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ರಕ್ತದ ಸಕ್ಕರೆ ದಿಢೀರನೆ ಕುಸಿದರೆ ಪ್ರಾಣಕ್ಕೇ ಅಪಾಯ.